ಗಾಯದ ಭಯವಿಲ್ಲ

ಮುನ್ನೂರು ಹೆಜ್ಜೆ ಆಗುವಷ್ಟರಲ್ಲಿ ಎಡಗಾಲಿನ ಮೀನಖಂಡ ಗಂಟು ಕಟ್ಟಿಕೊಂಡಿತು. ಹಗೂರಣ್ಣ ಲೈಟುಕಂಬ ಹಿಡಿದು ನಿಂತ. ತಲೆ ಎತ್ತಿದರೆ ಎದುರಿಗೆ ಅದೇ ಅಂಗಡಿ, ಅದೇ ಬೋರ್ಡು: ‘ಮಿಷಿನ್ ಶೇವಿಂಗ್. ಗಾಯದ ಭಯವಿಲ್ಲ.’ ಇಷ್ಟುದ್ದ ರಸ್ತೆಯಲ್ಲಿ ನಿನಗೆ ಕೈಕೊಡಲು ಬೇರೆ ಜಾಗ ಸಿಗಲಿಲ್ಲವೇ ಎಂದು ಅವನು ತನ್ನ ಕಾಲನ್ನೇ ಬೈದ.

ಬೋರ್ಡು ಬಂದು ಹನ್ನೆರಡು ವರ್ಷ. ಬರೆಸಿದವನು ಹಗೂರಣ್ಣನ ಜೊತೆಗೇ, ಒಬ್ಬನೇ ಗುರುವಿನ ಕೈಕೆಳಗೆ ಕ್ಷೌರದ ಕತ್ತಿ ಹಿಡಿಯಲು ಕಲಿತವನು. ಆಮೇಲೆ ಕತ್ತಿ ಬಿಟ್ಟು ಮಿಷಿನ್ ಹಿಡಿದ. ಜನ ಅವನನ್ನೂ ಮಿಷಿನ್ ಎಂದೇ ಕರೆದರು. ಅಲ್ಲಿ ಗಾಯದ ಭಯವಿಲ್ಲ ಎಂದರೆ ನನ್ನಲ್ಲಿ ಇದೆ ಎಂದು ತಾನೇ ಅರ್ಥ? ಹಗೂರಣ್ಣ ಅಂದು ಬಿಟ್ಟ ಮಾತು ಬಿಟ್ಟೇ ಇತ್ತು. ಅವನದು ನಲವತ್ತು ವರ್ಷ ಕತ್ತಿ ಆಡಿಸಿದ ಕೈ. ಅಲುಗು ಕೆನ್ನೆಗೆ ತಾಗಿದ್ದೇ ತಿಳಿಯದಷ್ಟು ಹಗುರ, ಅದಕ್ಕೇ ಆ ಹೆಸರು. ಈಗ ನಡಿಗೆಯೂ ಹಗೂರವಾಗಿ, ಹೆಸರು ಎರಡೂ ಕಡೆಯಿಂದ ಒಪ್ಪುತ್ತದೆ ಎಂದು ಹೆಂಡತಿ ನಗುತ್ತಿದ್ದಳು.

ಕಾಲಿನ ರಕ್ತನಾಳ ಕಿರಿದಾಗಿದೆ ಎಂದಿದ್ದರು ಡಾಕ್ಟರಮ್ಮ. “ಸಿಗರೇಟು ಇವತ್ತಿಗೇ ಬಿಡಿ. ನೋವು ಬರೋ ತನಕ ನಡೀರಿ, ನಿಲ್ಲಿ, ಮತ್ತೆ ನಡೀರಿ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ. ನನ್ನನ್ನ ಕೇಳದೆ ಅದನ್ನ ನಿಲ್ಲಿಸಬೇಡಿ.” ಸಿಗರೇಟು ಬಿಟ್ಟ. ನಡೆಯಲು ಶುರುಮಾಡಿದ. ಮಾತ್ರೆಯನ್ನು ಮಾತ್ರ ಹತ್ತು ದಿನದಿಂದ ನುಂಗಿರಲಿಲ್ಲ.

ಹತ್ತು ದಿನದ ಹಿಂದೆ ಬೆಳಿಗ್ಗೆ ತನ್ನ ಅಂಗಡಿಯ ಬಾಗಿಲು ತೆರೆದು, ಎಂದಿನಂತೆ ಮೊದಲು ತನ್ನ ಗಡ್ಡ ತಾನೇ ಕೆರೆದುಕೊಳ್ಳುವಾಗ ಗಲ್ಲದ ಕೆಳಗೆ ಎಳ್ಳುಕಾಳಿನಷ್ಟು ಗೀರಾಯಿತು. ಪಟಿಕ ಉಜ್ಜಿದ. ನಿಲ್ಲಲಿಲ್ಲ. ಹತ್ತಿ ಒತ್ತಿದ. ನಿಲ್ಲಲಿಲ್ಲ. ಬೆಂಚಿನ ಮೇಲಿದ್ದ ಮೂವರು ಪೇಪರು ಕೆಳಗಿಟ್ಟು, ಬಿಳಿ ಟವೆಲ್ಲು ಕೆಂಪಾಗುವುದನ್ನು ನೋಡುತ್ತ ಕೂತರು. ಒಬ್ಬ ಗಡಿಯಾರ ನೋಡಿಕೊಂಡು, “ನಾಳೆ ಬರ್ತೀನಿ” ಎಂದು ಎದ್ದ. ತನ್ನ ಗಲ್ಲವನ್ನೇ ಕೊಯ್ದುಕೊಂಡವನ ಕೈಗೆ ಯಾರು ಕತ್ತು ಕೊಡುತ್ತಾರೆ? ಅಂದಿನಿಂದ ಮಾತ್ರೆ ಹೆಂಡತಿಯ ಕಣ್ಣೆದುರು ಬಾಯಿಗೆ ಹೋಗಿ, ಬೀದಿ ತಿರುಗಿದ ಕೂಡಲೇ ಚರಂಡಿ ಸೇರುತ್ತಿತ್ತು.

“ಏಯ್!” ಮಿಷಿನ್ ಬಾಚಣಿಗೆ ಹಿಡಿದೇ ಹೊರಗೆ ಬಂದ. “ಹದಿನೈದು ದಿನದಿಂದ ನೋಡ್ತಿದ್ದೀನಿ. ದಿನಾ ಬಂದು ಕಂಬದ ಹಾಗೆ ನಿಂತ್ಕೊಂಡು ನನ್ನ ಗಿರಾಕಿಗಳನ್ನ ಎಣಿಸ್ತಿದ್ದೀಯಾ?”

ಹನ್ನೆರಡು ವರ್ಷದ ಮೇಲಿನ ಮೊದಲ ಮಾತು.

“ಅದಕ್ಕೆ ಒಂದು ಕೈ ಬೆರಳು ಸಾಕು, ದಿನಾ ಯಾಕೆ ಬರಲಿ?” ಎಂದ ಹಗೂರಣ್ಣ. “ಕಾಲುನೋವು. ಸರಿಯಾಗಿ ಇಲ್ಲಿಗೆ ಬಂದಾಗ ಹಿಡ್ಕೊಳ್ಳುತ್ತೆ. ಬೇಕು ಅಂತ ನಿಂತಿಲ್ಲ.”

ಮಿಷಿನ್ ಬಾಚಣಿಗೆ ಇಳಿಸಿದ. “ಮೀನಖಂಡಾನಾ? ನಡೆದ್ರೆ ಬರುತ್ತೆ, ನಿಂತ್ರೆ ಹೋಗುತ್ತೆ?”

“ಹೂಂ.”

“ರಕ್ತ ತೆಳ್ಳಗಾಗೋ ಮಾತ್ರೆ ಕೊಟ್ಟಿರ್ಬೇಕಲ್ಲ?”

ಹೆಂಡತಿಗೆ ಹೇಳದ್ದನ್ನು ಹಗೂರಣ್ಣ ಈ ಶತ್ರುವಿಗೆ ಹೇಳಿಬಿಟ್ಟ. ಗೀರು, ಟವೆಲ್ಲು, ಎದ್ದುಹೋದ ಗಿರಾಕಿ, ಚರಂಡಿ, ಎಲ್ಲ. ಹೇಳಿ, ಅವನು ನಗಲಿ ಎಂದು ಹಲ್ಲು ಕಚ್ಚಿ ಕಾದ.

ಮಿಷಿನ್ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಪಕ್ಕದಲ್ಲಿ ಜಾಗ ಮಾಡಿದ. “ನಮ್ಮಣ್ಣಂಗೂ ಇದೇ ಕಾಯಿಲೆ. ಮೈಮೇಲೆ ನೀಲಿ ಗುರುತು ಏಳುತ್ತೆ ಅಂತ ಮಾತ್ರೆ ಬಿಟ್ಟ. ಒಂದು ಬೆಳಿಗ್ಗೆ ನೋಡಿದ್ರೆ ಪಾದ ಬಿಳಿಚ್ಕೊಂಡು ಕಲ್ಲಿನ ಹಾಗೆ ತಣ್ಣಗಿತ್ತು. ಆಸ್ಪತ್ರೆಗೆ ಹೋಗೋಷ್ಟರಲ್ಲಿ ಕೈಮೀರಿತ್ತು. ಈಗ ಮಂಡಿಯಿಂದ ಕೆಳಗೆ ಮರದ ಕಾಲು.” ಸ್ವಲ್ಪ ಹೊತ್ತು ಬಾಚಣಿಗೆಯ ಹಲ್ಲುಗಳನ್ನು ಉಗುರಲ್ಲಿ ಮೀಟಿದ. “ಗೀರು ಒಣಗುತ್ತೆ ಕಣೋ. ಕಾಲು ಮತ್ತೆ ಚಿಗುರಲ್ಲ. ಫೋನ್ ಮಾಡು ನಿನ್ನ ಡಾಕ್ಟರಿಗೆ.”

ಡಾಕ್ಟರಮ್ಮ ಬೈದ ಬೈಗುಳ ಪಕ್ಕದ ಅಂಗಡಿಗೂ ಕೇಳಿಸಿರಬೇಕು. “ಇವತ್ತೇ ಶುರು ಮಾಡಿ. ಒಂದೇ ಒಂದು, ಬಿಟ್ಟಿದ್ದನ್ನೆಲ್ಲ ಸೇರಿಸಿ ನುಂಗಬೇಡಿ. ನಾಳಿದ್ದು ಬಂದು ಕಾಲು ತೋರಿಸಿ. ಇನ್ನೊಂದು, ನಿಮ್ಮ ಮುಖಕ್ಕೆ ಕತ್ತಿ ಬೇಡ. ಮಿಷಿನ್ ಹಾಕ್ಕೊಳ್ಳಿ.”

ಫೋನಿಗೆ ಕಿವಿ ತಂದಿದ್ದ ಮಿಷಿನ್‌ನ ಬಾಯಿ ಕಿವಿಯವರೆಗೆ ಅಗಲವಾಯಿತು. “ಕೊನೇದು ಕೇಳಿಸಲಿಲ್ಲ. ಇನ್ನೊಂದು ಸಲ ಹೇಳೋಕೆ ಹೇಳು.”

“ಬಾಯಿ ಮುಚ್ಚು,” ಎಂದ ಹಗೂರಣ್ಣ. ಹೇಳುತ್ತಲೇ ಅವನಿಗೂ ನಗು ತಡೆಯಲಾಗಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಒಪ್ಪಿಸಿದ, ನಾಳೆ ಮಿಷಿನ್‌ನ ಅಂಗಡಿಯಲ್ಲಿ ಗಡ್ಡ ತೆಗೆಸುವುದನ್ನೂ. ಅವಳು ಮಾತ್ರೆ ತಂದು ಕೊಟ್ಟಳು, ನೀರು ಕುಡಿಸಿದಳು, “ಬಾಯಿ ತೆಗೀರಿ, ನಾಲಿಗೆ ಎತ್ತಿ” ಎಂದು ಮಗುವಿನ ಬಾಯಿ ನೋಡಿದ ಹಾಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದು, “ನಾಳೆ ಅವನ ಕುರ್ಚೀಲಿ ಕೂರೋವಾಗ ನಾನೂ ಬರ್ತೀನಿ ರೀ. ಈ ನಾಟಕ ತಪ್ಪಿಸ್ಕೊಳ್ಳೋಕಾಗಲ್ಲ” ಎಂದಳು.

ಮರುದಿನ ಅವಳೊಬ್ಬಳೇ ಅಲ್ಲ, ಅರ್ಧ ಬೀದಿ ಬಂದಿತ್ತು. ಹಗೂರಣ್ಣನ ಗಿರಾಕಿಗಳೂ ಬಾಗಿಲಲ್ಲಿ ಕತ್ತು ಚಾಚಿದ್ದರು. ಮಿಷಿನ್ ಬಟ್ಟೆ ಹೊದಿಸಿದ, ತೆಗೆದ, ಕೊಡವಿ ಮತ್ತೆ ಹೊದಿಸಿದ.

“ಏನೋ?”

“ನಿನ್ನ ಮುಖ ಮುಟ್ಟೋಕೆ ಹೆದರಿಕೆ ಆಗುತ್ತೆ,” ಎಂದು ಮಿಷಿನ್ ಮೆಲ್ಲಗೆ ಹೇಳಿದ.

“ನನಗೂ ಹೆದರಿಕೆ ಇದೆ. ಶುರು ಮಾಡು.”

ಎರಡು ಬೆರಳು ಗಲ್ಲವನ್ನು ಹಿಂದಕ್ಕೆ ಬಾಗಿಸಿದವು. ಗುಂಯ್ ಎನ್ನುವ ಸದ್ದು ಕೆನ್ನೆಯ ಮೇಲೆ ಹರಿಯಿತು. ಸಾವಿರಾರು ತಲೆಗಳನ್ನು ಹೀಗೆ ಬಾಗಿಸಿದ್ದ ಹಗೂರಣ್ಣನಿಗೆ ಮೊದಲ ಸಲ ಕ್ಷೌರದಂಗಡಿಯ ಸೂರು ಕಂಡಿತು. ಜಂತೆಯ ಸಂದಿಯಲ್ಲಿ ಗುಬ್ಬಿಯ ಗೂಡು. ಹುಲ್ಲಿಗಿಂತ ಹೆಚ್ಚಾಗಿ ಕೂದಲೇ: ಕಪ್ಪು, ನರೆತದ್ದು, ಯಾವುದೋ ಎಳೆಗೂಸಿನ ಕಂದು ಎಳೆ. ಗುಬ್ಬಿ ಜನರ ಕಾಲ ನಡುವೆ ಇಳಿದು, ನೆಲದಿಂದ ಒಂದು ಬಿಳಿ ಕೂದಲ ಕುಚ್ಚು ಕಚ್ಚಿಕೊಂಡು ಮೇಲೆ ಹಾರಿತು.