ನೆಲಕ್ಕೆ ಬಿದ್ದ ದಾಳ

ನಾನು ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಪೆಟ್ಟಿಗೆಯ ಮುಚ್ಚಳ ತೆಗೆದಾಗಿತ್ತು. ನನ್ನ ಸಂಜೆ ಹಾಳಾಗಲು ಅಷ್ಟು ಸಾಕಾಯಿತು.

ಹೊರಗಿನವರಿಗೆ ಇದರ ತಲೆಬುಡ ತಿಳಿಯುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಾನೂ ಅಣ್ಣನೂ ಚಿಕ್ಕಂದಿನಿಂದ ಬೊಂಬೆಗಳ ಯುದ್ಧ ಆಡುತ್ತಾ ಬಂದವರು. ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಯೋಧರು, ರಾಕ್ಷಸರು, ಮಾಟಗಾತಿಯರು. ಅವರನ್ನು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ ತೆಗೆದು, ಜೋಡಿಸಿ, ಬಣ್ಣ ಬಳಿದು, ಊಟದ ಮೇಜಿನ ಮೇಲೆ ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಹಾಕಿ ಹೊಡೆದಾಡಿಸುವುದು. ಕತ್ತೆಗಾದಷ್ಟು ವಯಸ್ಸಾದರೂ ಇವಕ್ಕೆ ಬೊಂಬೆ ಹುಚ್ಚು ಬಿಡಲಿಲ್ಲ ಎಂದು ಅಮ್ಮ ಗೊಣಗುವುದೂ ಆಟದ ಒಂದು ಭಾಗವೇ. ಹೊಸ ಆಟ ಬಂದರೆ ಮೊದಲು ಕೊಳ್ಳುವ ಸ್ಟಾರ್ಟರ್ ಸೆಟ್ಟಿನಲ್ಲಿ ಯಾವಾಗಲೂ ಎರಡು ಪಡೆಗಳಿರುತ್ತವೆ. ನಮ್ಮ ಮನೆಯಲ್ಲಿ ಅದಕ್ಕೊಂದು ಪದ್ಧತಿ ಇದೆ. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅಣ್ಣ ಸೀಳಬೇಕು, ಮುಚ್ಚಳ ನಾನು ಎತ್ತಬೇಕು. ಮನುಷ್ಯರ ಪಡೆ ಅವನಿಗೆ, ರಾಕ್ಷಸರ ಪಡೆ ನನಗೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಇಲ್ಲಿಯವರೆಗೆ ಯಾರೂ ಮುರಿದದ್ದೂ ಇಲ್ಲ.

ಈಗ ಮೇಜಿನ ಆ ಕಡೆ ಅಣ್ಣ ಕೂತಿದ್ದ. ಈ ಕಡೆ, ನನ್ನ ಕುರ್ಚಿಯಲ್ಲಿ, ಅತ್ತಿಗೆ.

ಅತ್ತಿಗೆ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಒಳ್ಳೆಯವಳು, ನಗುಮುಖ, ಅಮ್ಮನ ಜೊತೆ ಜಗಳವಿಲ್ಲ. ಬೈಯುವುದಕ್ಕೆ ಏನೂ ಸಿಗದ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

"ಬಂದ್ಯಾ ಮೂತಿ?" ಎಂದ ಅಣ್ಣ. ಮಾತುಮಾತಿಗೂ ಮುಖ ಊದಿಸಿಕೊಳ್ಳುತ್ತೇನೆಂದು ಚಿಕ್ಕಂದಿನಲ್ಲಿ ಅವನು ಇಟ್ಟ ಹೆಸರು ಅದು. "ಹೊಸ ಸೆಟ್ಟು ಬಂತು ನೋಡು. ಮಧ್ಯಾಹ್ನದಿಂದ ಕೂತು ಎಲ್ಲಾ ಜೋಡಿಸಿಬಿಟ್ವಿ. ನೋಡಿದ ಕೂಡಲೇ ಏನನ್ನಿಸ್ತು ಹೇಳು, ನಮ್ಮ ಆಟದ ಗುಂಪಿನವರೆಲ್ಲ ನಿನ್ನ ಅಭಿಪ್ರಾಯಕ್ಕೇ ಕಾಯ್ತಿದ್ದಾರೆ."

ಜೋಡಿಸಿಬಿಟ್ವಿ. ಆ ಮಾತಿನಲ್ಲಿ ನಾನಿರಲಿಲ್ಲ.

ಚೀಲವನ್ನು ಸೋಫಾದ ಮೇಲೆ ಎಸೆದು ಬಂದು ನೋಡಿದೆ. ನಾನು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿರುವವಳು. ದಿನವಿಡೀ ಪರರ ದವಡೆಯ ಅಚ್ಚು ಹಿಡಿದುಕೊಂಡು ಕೂದಲೆಳೆಯಷ್ಟು ಗೀರನ್ನೂ ಉಜ್ಜಿ ನುಣುಪು ಮಾಡುವ ಕೆಲಸ. ಹಾಗಾಗಿ ತಪ್ಪು ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಅದರಲ್ಲೂ ಹುಡುಕಬೇಕೆಂದು ಹಟ ಹಿಡಿದಿದ್ದಾಗ.

"ರಟ್ಟು ದಪ್ಪ ಇದೆ, ಅಷ್ಟೇ" ಎಂದೆ. "ಯುದ್ಧಭೂಮಿ ಅಂತ ಕೊಟ್ಟಿರೋ ಹಾಳೆ ನೋಡು, ಮಡಿಕೆ ಹೋಗಲ್ಲ, ಬೊಂಬೆ ವಾಲುತ್ತೆ. ದಾಳ ಹಗುರ, ಬೀಸಿ ಹಾಕಿದ್ರೆ ಪಕ್ಕದ ಮನೆಗೆ ಹೋಗುತ್ತೆ. ನಿನ್ನ ಕಂಚಿನ ಕಾವಲುಪಡೆಯವರ ಮುಖ ಎಲ್ಲಾ ಒಂದೇ ಥರ, ಒಬ್ಬನಿಗೆ ನೆಗಡಿ ಆದ್ರೆ ಎಲ್ಲರಿಗೂ ಆದ ಹಾಗೆ."

"ನನ್ನ ಜವುಗಿನ ದಂಡು?" ಎಂದಳು ಅತ್ತಿಗೆ.

ನನ್ನ. ಆ ಒಂದು ಮಾತಿಗೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಯಾಕೆಂದರೆ ಜವುಗಿನ ದಂಡು, ಅಂದರೆ ಈ ಸೆಟ್ಟಿನ ರಾಕ್ಷಸರ ಪಡೆ, ಚೆನ್ನಾಗಿತ್ತು. ಕಪ್ಪೆಬಾಯಿಯ ಈಟಿಗಾರರು, ಬೆನ್ನ ಮೇಲೆ ಪಾಚಿ ಬೆಳೆದ ದಾಂಡಿಗರು, ಎಲ್ಲರ ನಡುವೆ ದೊಡ್ಡ ಆಮೆಯ ಮೇಲೆ ಒಂದು ಕಾಲು ಮಡಚಿ ಕೂತ ಜವುಗಿನ ರಾಣಿ. ಆ ರಾಣಿಯ ಮುಖದಲ್ಲಿ ಎಂಥ ತಾತ್ಸಾರವಿತ್ತೆಂದರೆ, ಎದುರಿಗೆ ನಿಂತ ಇಡೀ ಪಡೆ ಅವಳಿಗೆ ಸೊಳ್ಳೆಗೆ ಸಮ. ಇಂಥ ಬೊಂಬೆಯನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಮೊದಲ ಸಲ ಕಟರ್ ಹಿಡಿದವರು ಎಲ್ಲಾದರೂ ಕಚ್ಚು ಬಿಡಲೇಬೇಕು. ಇವಳು ಬಿಟ್ಟಿರಲಿಲ್ಲ. ಆಮೆಯ ಚಿಪ್ಪಿನ ಅಂಚನ್ನು ನನ್ನ ಹಾಗೆಯೇ ಉಜ್ಜಿದ್ದಳು. ಒಂದೇ ಒಂದು ಗೀರು ಸಿಕ್ಕಿದ್ದರೂ ನನ್ನ ಜೀವಕ್ಕೆ ತಂಪಾಗುತ್ತಿತ್ತು.

"ಪರವಾಗಿಲ್ಲ" ಎಂದು ಕೆಳಗಿಟ್ಟೆ.

"ಹಾಗಾದ್ರೆ ಒಂದಾಟ ಆಗ್ಲಿ" ಎಂದ ಅಣ್ಣ. "ಮೂತಿ, ನೀನು ನಿಯಮದ ಪುಸ್ತಕ ಹಿಡ್ಕೊ. ನಮಗೆ ಗೊತ್ತಾಗದೆ ಇದ್ರೆ ಓದಿ ಹೇಳು."

ಅಡುಗೆಮನೆಯ ಸ್ಟೂಲು ಎಳೆದುಕೊಂಡು ಮೇಜಿನ ಕೊನೆಯಲ್ಲಿ ಕೂತೆ. ಅವನ ಎದುರು ಕೂರುವುದು ನನ್ನ ಹಕ್ಕು ಎಂದುಕೊಂಡವಳು ಈಗ ಓದಿ ಹೇಳುವವಳಾದೆ. ಒಂದು ಕುರ್ಚಿಗೆ ಇಷ್ಟೊಂದು ಸಂಕಟವೇ ಎಂದು ನಗಬೇಡಿ. ಮದುವೆಯಾದ ಮೇಲೆ ಅಣ್ಣ ಅತ್ತಿಗೆಯ ಜೊತೆ ಸಿನಿಮಾಗೆ ಹೋದ, ನಾನು ಮಾತಾಡಲಿಲ್ಲ. ಸಂಜೆಯ ವಾಕಿಂಗಿಗೆ ಹೋದ, ಆಗಲೂ ಮಾತಾಡಲಿಲ್ಲ. ಈ ಮೇಜು ಒಂದು ನನಗೇ ಉಳಿದಿದೆ ಎಂದುಕೊಂಡಿದ್ದೆ.

ಆಟ ಶುರುವಾಯಿತು. ನಮ್ಮ ಮನೆಯ ಇನ್ನೊಂದು ನಿಯಮವನ್ನೂ ಅಣ್ಣ ಅತ್ತಿಗೆಗೆ ಹೇಳಿಕೊಟ್ಟ. ನೆಲಕ್ಕೆ ಬಿದ್ದ ದಾಳ ಸತ್ತ ದಾಳ. ಅದರಲ್ಲಿ ಎಷ್ಟು ಬಿದ್ದಿದ್ದರೂ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ಚಿಕ್ಕಂದಿನಲ್ಲಿ ನಾನು ಬೇಕೆಂದೇ ದಾಳವನ್ನು ಮಂಚದ ಕೆಳಕ್ಕೆ ಹಾರಿಸಿ, ತೆವಳಿಕೊಂಡು ಹೋಗಿ, ಅಲ್ಲಿಂದಲೇ "ಆರು" ಎಂದು ಕೂಗುತ್ತಿದ್ದೆನಂತೆ. ಜಗಳ ಬಿಡಿಸಿ ಬಿಡಿಸಿ ಸಾಕಾಗಿ ಅಮ್ಮ ಮಾಡಿದ ಕಾನೂನು ಅದು. ಅತ್ತಿಗೆ ನಕ್ಕಳು. ನನ್ನ ಬಾಲ್ಯವನ್ನೂ ಇವಳಿಗೆ ಉಪ್ಪುಖಾರ ಹಚ್ಚಿ ಬಡಿಸುತ್ತಿದ್ದಾನಲ್ಲ ಎನ್ನಿಸಿತು.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಕೈ ಸ್ಥಿರ, ಲೆಕ್ಕ ಪಕ್ಕಾ, ಆಟದಲ್ಲಿ ದಯೆದಾಕ್ಷಿಣ್ಯ ಇಲ್ಲ. ನಾನು ಅವನನ್ನು ಗೆದ್ದದ್ದು ತೀರಾ ಕಡಿಮೆ, ಅದಕ್ಕೇ ಒಂದೊಂದೂ ನೆನಪಿದೆ. ಟೈಫಾಯ್ಡಿನಿಂದ ಎದ್ದ ವಾರ ಗೆದ್ದಿದ್ದೆ. ಪರೀಕ್ಷೆಯಲ್ಲಿ ಫೇಲಾದ ಸಂಜೆ ಗೆದ್ದಿದ್ದೆ. ಮೊದಲ ಕೆಲಸದಿಂದ ತೆಗೆದುಹಾಕಿದ ದಿನವೂ ಗೆದ್ದಿದ್ದೆ. ಕೆಟ್ಟ ಕಾಲದಲ್ಲೇ ನನ್ನ ಕೈ ಓಡುತ್ತದೆ ಎಂದು ಗುಂಪಿನಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ.

ಅತ್ತಿಗೆ ಹೊಸಬಳಂತೆಯೇ ಆಡಿದಳು. ಈಟಿಗಾರರನ್ನು ಕಳಿಸಬಾರದ ಕಡೆ ಕಳಿಸಿದಳು. ರಾಣಿಯನ್ನು ಬಯಲಿಗೆ ತಂದು ನಿಲ್ಲಿಸಿದಳು. ಅಣ್ಣನ ನಾಯಕ ಸೀದಾ ಅವಳ ಎದುರು ಬಂದು ನಿಂತ. ಐದೋ ಆರೋ ಬಿದ್ದರೆ ರಾಣಿ ಸತ್ತಳು, ಆಟ ಮುಗಿಯಿತು. ನಾನು ಪುಸ್ತಕ ಮುಚ್ಚಿ ನೆಟ್ಟಗೆ ಕೂತೆ. ಮನಸ್ಸಿಗೆ ಹಬ್ಬದೂಟ ಬಡಿಸುವ ಹೊತ್ತು ಬಂದಿತ್ತು.

ಅಣ್ಣ ದಾಳ ಹಾಕಿದ. ಅದು ಉರುಳಿಕೊಂಡು ಹೋಗಿ ಮೇಜಿನ ಅಂಚಿನಲ್ಲಿ, ನನ್ನ ಮೂಗಿನ ಕೆಳಗೇ ನಿಂತಿತು. ಆರು. ಅಣ್ಣ ಅಳತೆಪಟ್ಟಿ ತೆಗೆದುಕೊಳ್ಳುವವನ ಹಾಗೆ ಕೈ ಚಾಚಿದ. ಅಂಗಿಯ ಸಡಿಲವಾದ ತೋಳು ಸವರಿತು. ದಾಳ ಟಕ್ ಎಂದು ನೆಲಕ್ಕೆ ಬಿತ್ತು.

"ಛೆ, ಸತ್ತ ದಾಳ" ಎಂದು ಎತ್ತಿಕೊಂಡು ಮತ್ತೆ ಹಾಕಿದ. ಎರಡು. ರಾಣಿ ಉಳಿದಳು. ಮುಂದಿನ ಸರದಿಯಲ್ಲಿ ಅತ್ತಿಗೆಯ ಆಮೆ ನಾಯಕನನ್ನು ಮುಗಿಸಿತು.

"ಗೆದ್ದೆ" ಎಂದಳು ಅತ್ತಿಗೆ, ತನಗೇ ನಂಬಿಕೆಯಿಲ್ಲದವಳಂತೆ. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವಳಿಗೆ ಎದುರಿನ ತೋಳು ಕಾಣಲಿಲ್ಲ. ಅವಳು ಆಗ ರಾಣಿಯನ್ನೇ ನೋಡುತ್ತಿದ್ದಳು.

ನಾನು ಮಾತ್ರ ನೋಡಿದ್ದೆ. ನೋಡಿ ನನಗೆ ಅಳುವೇ ಬಂದಂತಾಯಿತು. ನನ್ನ ಕುರ್ಚಿ ಕೊಟ್ಟ, ನನ್ನ ರಾಕ್ಷಸರನ್ನು ಕೊಟ್ಟ, ಹೋಗಲಿ. ಇಷ್ಟು ವರ್ಷ ನನ್ನನ್ನು ಒಂದು ಬೊಂಬೆಯೂ ಉಳಿಯದ ಹಾಗೆ ಬಡಿದು ಹಾಕಿದವನು, ನನಗಾಗಿ ಒಂದೇ ಒಂದು ಸಲವೂ ಸೋಲದವನು, ಇವಳಿಗೆ ಮೊದಲ ದಿನವೇ ಸೋತುಕೊಟ್ಟ. ಅಷ್ಟು ಮುದ್ದು ಇವಳ ಮೇಲೆ. ಸುಮ್ಮನಿದ್ದಿದ್ದರೆ ಅತ್ತಿಗೆ ಖುಷಿಯಾಗಿರುತ್ತಿದ್ದಳು, ಅಣ್ಣನೂ ಖುಷಿಯಾಗಿರುತ್ತಿದ್ದ. ಆ ಖುಷಿಯೇ ನನಗೆ ಬೇಡವಾಗಿತ್ತು.

"ಅತ್ತಿಗೆ, ನೀವು ಗೆದ್ದಿಲ್ಲ" ಎಂದೆ. "ಆರು ಬಿದ್ದಿತ್ತು. ಅಣ್ಣ ತೋಳಲ್ಲಿ ತಳ್ಳಿದ."

ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ. ಅತ್ತಿಗೆಯ ನಗು ಅಲ್ಲೇ ನಿಂತಿತು.

"ಹೌದೇನ್ರೀ?"

"ಏ, ಗೊತ್ತಿಲ್ಲದೆ ತಾಗಿರಬೇಕು" ಎಂದ. ಸುಳ್ಳು ಹೇಳುವಾಗ ಅವನು ಕಿವಿ ತುರಿಸಿಕೊಳ್ಳುತ್ತಾನೆ. ಈಗಲೂ ತುರಿಸಿಕೊಂಡ.

"ಇನ್ನೊಂದು ಸಲ ಮಾಡಿ ತೋರಿಸಿ" ಎಂದಳು ಅತ್ತಿಗೆ.

"ಏನನ್ನ?"

"ಅದನ್ನೇ. ತಾಗಿದ್ದನ್ನ."

ದಾಳವನ್ನು ಅವಳೇ ಅಂಚಿಗೆ ತಂದಿಟ್ಟಳು. ಅಣ್ಣ ಬೇಡವೆಂದ, ನಕ್ಕ, ಅಮ್ಮ ಕರೆದಳೇನೋ ಎಂದ. ಅತ್ತಿಗೆ ಬಿಡಲಿಲ್ಲ. ಕೊನೆಗೆ ಕೈ ಚಾಚಿದ. ದಾಳ ಬಿತ್ತು. ಪಕ್ಕದಲ್ಲಿ ನಿಂತಿದ್ದ ಈಟಿಗಾರ ಒಂದಿಷ್ಟೂ ಅಲುಗಲಿಲ್ಲ.

"ಇದು ಒಂದು ದಿನದಲ್ಲಿ ಕಲಿತದ್ದಲ್ಲ" ಎಂದಳು ಅತ್ತಿಗೆ ನಿಧಾನವಾಗಿ. "ಕೈ ಪಳಗಿದೆ. ಯಾರ ಮೇಲೆ ಕಲಿತ್ರಿ?"

ಅಣ್ಣ ಒಂದು ಕ್ಷಣ ನನ್ನ ಕಡೆ ನೋಡಿ ತಲೆ ತಗ್ಗಿಸಿದ.

ನನ್ನ ಗೆಲುವುಗಳು ಒಂದೊಂದಾಗಿ ನೆನಪಾದವು. ಟೈಫಾಯ್ಡಿನ ವಾರ ದಾಳ ಮಂಚದ ಕೆಳಗೆ ಹೋಗಿತ್ತು. ನೀನು ಬಗ್ಗಬೇಡ, ತಲೆ ಸುತ್ತುತ್ತೆ ಎಂದು ಅವನೇ ತಂದಿದ್ದ. ಫೇಲಾದ ಸಂಜೆಯೂ ಬಿದ್ದಿತ್ತು. ಕೆಲಸ ಹೋದ ದಿನ ಎರಡು ಸಲ ಬಿದ್ದಿತ್ತು, ಈ ಮೇಜೇ ಸರಿಯಿಲ್ಲ ಎಂದು ಅವನು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಿದ್ದ.

"ಎಲ್ಲಾನೂ?" ಎಂದೆ.

"ಎಲ್ಲಾ ಅಲ್ಲ ಮಾರಾಯ್ತಿ" ಎಂದ. ಯೋಚಿಸಿ, ಕಿವಿ ಮುಟ್ಟದೆ ಹೇಳಿದ, "ನೀನು ಗೆದ್ದಿದ್ದು ಮಾತ್ರ."

ಈ ಸೋತುಕೊಡುವ ಮುದ್ದೇ ನನಗೆ ಬೇಕು ಎಂದು ಈಗಷ್ಟೇ ಹೊಟ್ಟೆ ಉರಿದುಕೊಂಡಿದ್ದೆ. ಅದು ಇಷ್ಟು ವರ್ಷ ನನ್ನ ಹತ್ತಿರವೇ ಇತ್ತು, ಈಗ ಕೈಯಲ್ಲಿ ಹಿಡಿದರೆ ಸುಡುತ್ತಿತ್ತು. ಅತ್ತಿಗೆಯ ಮುಖ ಇಳಿಯಲಿ ಎಂದು ಬಾಯಿ ಬಿಟ್ಟವಳ ಮುಖವೇ ಇಳಿದಿತ್ತು. ನನ್ನ ಗೆಲುವೆಂದು ನೆನೆಯಲು ಒಂದೂ ಉಳಿಯಲಿಲ್ಲ. ಅಣ್ಣನ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಜ್ವರದ ಬಾಯಿಗೆ ಆ ಗೆಲುವು ಎಷ್ಟು ಸಿಹಿಯಾಗಿತ್ತೆಂಬುದೂ ನೆನಪಿತ್ತು. ಸ್ಟೂಲಿನಿಂದ ಎದ್ದು ರೂಮಿಗೆ ಹೊರಟೆ.

"ಎಲ್ಲಿಗೆ ಹೋಗ್ತೀಯ?" ಎಂದಳು ಅತ್ತಿಗೆ. ಆಮೇಲೆ ಅಣ್ಣನ ಕಡೆ ತಿರುಗಿ, "ನೀವು ಏಳ್ರೀ" ಎಂದಳು.

"ನಾನ್ಯಾಕೆ?"

"ಇಬ್ಬರನ್ನೂ ಚಿಕ್ಕ ಮಕ್ಕಳ ಥರ ಆಡಿಸಿದ್ದು ಸಾಕು. ಏಳಿ." ಅಣ್ಣ ಎದ್ದ. "ನೀನು ಬಾ, ಅಲ್ಲಿ ಕೂತ್ಕೊ. ನೀನು ನನಗೆ ಬಿಟ್ಟುಕೊಡೋದಿಲ್ಲ, ಅದಂತೂ ನೋಡಿದ್ರೆ ಗೊತ್ತಾಗುತ್ತೆ."

ಅಣ್ಣನ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಮೇಜು ಬೇರೆಯೇ ಥರ ಕಾಣುತ್ತಿತ್ತು. ಎದುರಿಗೆ ರಾಣಿ ನನ್ನನ್ನೇ ಸೊಳ್ಳೆಯಂತೆ ನೋಡುತ್ತಿದ್ದಳು.

"ರಾಕ್ಷಸರ ಪಡೆ ಯಾವಾಗಲೂ ನಂದು" ಎಂದೆ, ಒಂದು ಕೈ ನೋಡೋಣವೆಂದು.

"ಗೊತ್ತು, ಇವರು ಮೊದಲೇ ಹೇಳಿದ್ರು. ಬೇಕಂತಲೇ ತಗೊಂಡೆ, ಅಷ್ಟು ಚೆನ್ನಾಗಿದ್ದಾಳೆ ರಾಣಿ. ಕೊಡಲ್ಲ."

ಬೈಯುವುದಕ್ಕೆ ಏನೋ ಸಿಕ್ಕಿತು ಕೊನೆಗೂ. ನನಗೆ ಅವಳ ಮೇಲೆ ಮೊದಲ ಸಲ ಸ್ವಲ್ಪ ಇಷ್ಟ ಹುಟ್ಟಿತು.

ಅತ್ತಿಗೆ ಬಟ್ಟೆಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು ನನ್ನ ತೋಳಿನ ಕಡೆ ನೋಡಿದಳು. ನಾನೂ ಮಡಚಿಕೊಂಡೆ. ನೆಗಡಿಯ ಮುಖದ ಕಾವಲುಪಡೆಯನ್ನು ಸಾಲಾಗಿ ನಿಲ್ಲಿಸಿದೆ. ಅಣ್ಣ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತ. ಅತ್ತಿಗೆ ಈ ಸಲ ರಾಣಿಯನ್ನು ಬಯಲಿಗೆ ತರಲಿಲ್ಲ, ಕಲಿತಿದ್ದಳು. ನನ್ನ ಅರ್ಧ ಪಡೆಯನ್ನು ನುಂಗಿದಳು. ಕೊನೆಗೆ ನನ್ನ ನಾಯಕ ಪೊದೆಯ ಮರೆಯಿಂದ ಹೊರಟು ಆಮೆಯನ್ನು ತಲುಪಿದಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು.

ದಾಳ ಹಾಕಿದೆ. ಹಗುರ ದಾಳ, ಉರುಳಿ ಉರುಳಿ ಅಂಚಿನಲ್ಲೇ ಹೋಗಿ ನಿಂತಿತು. ಐದು. ನನ್ನ ಕೈ ಅದರ ಪಕ್ಕದಲ್ಲೇ ಇತ್ತು. ಅತ್ತಿಗೆ ನನ್ನ ಕೈ ನೋಡಿದಳು, ಅಣ್ಣನೂ ನೋಡಿದ. ಕೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಅತ್ತಿಗೆ ತುಟಿ ಕಚ್ಚಿಕೊಂಡು ರಾಣಿಯನ್ನು ಮೇಜಿನಿಂದ ತೆಗೆದಳು. ಕಿವಿಯವರೆಗೆ ಕೆಂಪಾಗಿದ್ದಳು. "ಇನ್ನೊಂದಾಟ" ಎಂದಳು.

"ಈ ಆಟ ನಂದು" ಎಂದು ಅಣ್ಣ ಸ್ಟೂಲು ಎಳೆದುಕೊಂಡು ಹತ್ತಿರ ಬಂದ. ನಾವಿಬ್ಬರೂ ಆಗಲೇ ಪಡೆಗಳನ್ನು ಮತ್ತೆ ಜೋಡಿಸುತ್ತಿದ್ದೆವು, ಅವನಿಗೆ ಯಾರೂ ಉತ್ತರ ಕೊಡಲಿಲ್ಲ. ಅವನ ಮುಖ ನೋಡಬೇಕಿತ್ತು, ಊದಿಕೊಂಡಿತ್ತು.

"ಸೆಟ್ಟು ಹೇಗಿದೆ ಅಂತ ಗುಂಪಿನವರು ಕೇಳ್ತಿದ್ದಾರೆ" ಎಂದ ಫೋನು ನೋಡುತ್ತಾ. "ಏನಂತ ಹೇಳ್ಲಿ?"

"ಚೆನ್ನಾಗಿದೆ ಅನ್ನು" ಎಂದೆ. "ಇಬ್ಬರಿಗೆ ಮಾತ್ರ."