ಬೋರಲು ಬಿದ್ದ ರೊಟ್ಟಿ

ಹಿಮ ಬೀಳುತ್ತಿದೆ, ಏಪ್ರಿಲ್‌ನಲ್ಲಿ, ಅದೂ ಜರ್ದಾಳು ಮರಗಳು ಹೂಬಿಟ್ಟ ಮೇಲೆ, ಗಾಜಿನಾಚೆ ಯಾವುದು ಹೂವು ಯಾವುದು ಹಿಮ ಅಂತ ತಿಳಿಯುತ್ತಿಲ್ಲ — ಓಶ್ ಪೇಟೆ ಬಿಡುವಾಗ ಬರೀ ಮಳೆಯಿತ್ತು, ಕಣಿವೆ ಏರಿದ ಹಾಗೆ ಎಲ್ಲ ಬೆಳ್ಳಗಾಯಿತು, ವ್ಯಾನಿನ ಡ್ರೈವರ್ ಗೊಣಗುತ್ತಾನೆ, ಈ ದೇವರಿಗೆ ತಿಂಗಳೇ ಮರೆತುಹೋಯ್ತಾ ಅಂತ, ಹಿಂದಿನ ಸೀಟಿನ ಮುದುಕಿ ಗದರುತ್ತಾಳೆ, ಬಾಯಿ ಮುಚ್ಕೊಂಡು ಓಡ್ಸು ಮಗನೇ, ಅವನು ಕೊಡೋದು ಅವನಿಗೆ ಗೊತ್ತು, ಹೌದು, ಅವನಿಗೆ ಗೊತ್ತು, ನಾನು ಮಾತ್ರ ನನ್ನ ಬಲಗೈ ನೋಡಿಕೊಳ್ಳುತ್ತಿದ್ದೇನೆ, ಉಗುರಿನ ಸಂದಿಯಲ್ಲಿ ಬೆರಳಚ್ಚು ತೆಗೆಯುವ ಕಪ್ಪು ಪುಡಿ ಇನ್ನೂ ಉಳಿದಿದೆ, ಎಷ್ಟು ಉಜ್ಜಿದರೂ ಹೋಗಿಲ್ಲ, ಈ ಕೈಯೇ ತಾನೆ ನಿನ್ನೆ ನನ್ನನ್ನು ಒಂದು ಮಾತೂ ಕೇಳದೆ ಮುಂದೆ ಹೋದದ್ದು. ಏನು ಓದ್ತಿದ್ದೀಯ ತಂಗಿ ಅಂದ ಡ್ರೈವರ್, ಅಪರಾಧ ತನಿಖೆ ಅಣ್ಣ ಅಂದೆ, ಅಯ್ಯಯ್ಯೋ, ಮೊದಲೇ ಹೇಳಬಾರದಿತ್ತಾ ತಾಯಿ, ಬೆಳಗ್ಗೆಯಿಂದ ಬೆಲ್ಟೇ ಹಾಕಿಲ್ಲ ಅಂತ ಸರಕ್ಕನೆ ಎಳೆದು ಹಾಕಿಕೊಂಡ, ವ್ಯಾನೆಲ್ಲ ನಕ್ಕಿತು, ನಾನೂ ನಕ್ಕೆ, ನಗುತ್ತಿರುವಾಗಲೇ ಅದು ಬಂತು ಕಣ್ಣೆದುರಿಗೆ, ಅಜ್ಜಿಯ ಗೋಡೆಯ ಮೊಳೆ, ಮೊಳೆಯಲ್ಲಿ ನೇತಾಡುವ ಬಿಳಿ ಬಟ್ಟೆಯ ಗಂಟು, ಗಂಟಿನೊಳಗೆ ರೊಟ್ಟಿ. ಓದಲು ಹೊರಟ ದಿನ ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಬಾಯಿಗೆ ಹಿಡಿದಿದ್ದಳು, ಕಚ್ಚು ಜಿಪಾರ್, ಒಂದೇ ಸಲ ಕಚ್ಚು, ಮಿಕ್ಕಿದ್ದು ಇಲ್ಲೇ ಇರುತ್ತೆ, ಕೆಲಸ ಹಿಡ್ಕೊಂಡು ಬಂದು ತಿನ್ನು, ನಿನ್ನ ಅನ್ನ ನಿನ್ನನ್ನ ವಾಪಸ್ ಕರೀಲಿ, ಆಮೀನ್ — ಎರಡೂ ಅಂಗೈ ಮುಖಕ್ಕೆ ಸವರಿಕೊಂಡಳು, ಸೋದರಮಾವ ಪಕ್ಕದಲ್ಲಿ ನಿಂತು ನಗುತ್ತಿದ್ದ, ಕಳ್ಳರನ್ನ ಹಿಡೀತಾಳಂತೆ ಇವಳು, ಕೋಳಿ ಹಿಡಿಯೋಕೆ ಬರಲ್ಲ, ನೋಡ್ತಿರು ಅಮ್ಮ, ಬರಿಗೈಲಿ ಬಂದ್ರೆ ಆ ರೊಟ್ಟೀನ ಮೇಕೆಗೆ ಹಾಕಿ ಇವಳನ್ನ ನನ್ನ ಸೀಮೆಂಟ್ ಅಂಗಡೀಲಿ ಕೂರಿಸ್ತೀನಿ.

ನಮ್ಮ ಜಿಲ್ಲೆಗೆ ಈ ವರ್ಷ ತನಿಖಾಧಿಕಾರಿಯ ತರಬೇತಿ ಜಾಗ ಇರುವುದು ಒಂದೇ, ಕೇಳಿದವರು ಇಬ್ಬರು, ನಾನು ಮತ್ತು ನನ್ನ ತರಗತಿಯ ಮಿರ್ಲಾನ್, ಯಾರ ಹೆಸರು ಹೋಗಬೇಕು ಅಂತ ಹೇಳುವವರು ನಮಗೆ ಪಾಠ ಮಾಡುವ ಕಾಲಿಪಾ ಮೇಡಂ, ಅದಕ್ಕೇ ನಿನ್ನೆಯ ಪರೀಕ್ಷೆ — ಕಾಲೇಜಿನ ನೆಲಮಹಡಿಯ ಕೋಣೆಯೊಂದರಲ್ಲಿ ಅವರೇ ಕೈಯಾರೆ ಒಂದು ಅಪರಾಧವನ್ನು ಕಟ್ಟಿ ಇಟ್ಟಿರುತ್ತಾರೆ, ಉರುಳಿದ ಸ್ಟೂಲು, ಒಡೆದ ಚಹಾ ಬಟ್ಟಲು, ಮಡಿಸಿದ ಕಂಬಳಿ, ನೋಡಿ, ಅಳೆದು, ವರದಿ ಬರೆಯಬೇಕು, ಏನನ್ನೂ ಕದಲಿಸುವ ಹಾಗಿಲ್ಲ. ಎಂಥ ಹೆಂಗಸು ಅವರು, ಬೂದಿ ಬಣ್ಣದ ಅದೇ ಕೋಟು, ನೋವಿನ ಮೊಣಕಾಲು, ತರಗತಿಯಲ್ಲಿ ಮೊಣಕಾಲೂರಿ ನೆಲಕ್ಕೆ ಕೆನ್ನೆ ತಾಗಿಸಿ ಧೂಳು ನೋಡುವಾಗ ಮಾತ್ರ ಆ ನೋವು ಎಲ್ಲಿ ಹೋಗುತ್ತಿತ್ತೋ, ಮಸೀದಿಯಲ್ಲಿ ಹಣೆಯೂರಿದವರ ಮುಖದಲ್ಲಿ ಕಾಣುವ ಶಾಂತಿ ಅವರ ಮುಖದಲ್ಲಿ ಕಾಣುತ್ತಿತ್ತು, ನಾವು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಹರೆಯದಲ್ಲಿ ಯಾವುದೋ ಪುಟ್ಟ ಊರಲ್ಲಿ ಕೆಲಸಕ್ಕಿದ್ದಾಗ ಮೇಲಧಿಕಾರಿ ಹೇಳಿದ್ದನಂತೆ, ಆ ಚಾಕೂನ ಒಂದು ಗೇಣು ಈ ಕಡೆ ಜರುಗಿಸಮ್ಮ, ಕೇಸು ಸುಲಭ ಆಗುತ್ತೆ, ಇವರು ಜರುಗಿಸಲಿಲ್ಲ, ದೂರದ ಬೆಟ್ಟಕ್ಕೆ ವರ್ಗವಾಯಿತು, ಆದರೆ ಒಬ್ಬ ಕುರುಬ ಜೈಲಿಗೆ ಹೋಗದೆ ತನ್ನ ಮಕ್ಕಳ ಹತ್ತಿರ ಹೋದ, ಅದನ್ನು ಹೇಳುವಾಗಲೂ ಅವರ ದನಿ ಏರಲಿಲ್ಲ, ಚಹಾಕ್ಕೆ ಸಕ್ಕರೆ ಹಾಕುತ್ತ ಹೇಳಿದರು, ಆವತ್ತೇ ನಿಶ್ಚಯಿಸಿದೆ, ಆಗುವುದಾದರೆ ಇವರ ಹಾಗೇ ಆಗಬೇಕು. ಮಿರ್ಲಾನ್ ನನಗಿಂತ ಮೊದಲು ಹೋಗಿ ಹೊರಗೆ ಬಂದ, ಸೂರ್ಯಕಾಂತಿ ಬೀಜ ಬಾಯಿಗೆಸೆಯುತ್ತ, ಹೋಗೇ ಹೋಗು, ನೀರು ಕುಡಿದಷ್ಟು ಸುಲಭ ಅಂದ, ಒಳಗೆ ಹೋದೆ, ಮೇಡಂ ಕಿಟಕಿಗೆ ಮುಖ ಮಾಡಿ ಹೊರಗಿನ ಮಳೆ ನೋಡುತ್ತ ನಿಂತಿದ್ದರು, ಶುರು ಮಾಡು ಅಂದರು, ತಿರುಗಲಿಲ್ಲ — ನೋಡಿದರೆ ನೆಲದ ಮೇಲೆ, ಬಾಗಿಲ ಬುಡದಲ್ಲೇ, ರೊಟ್ಟಿ. ಬೋರಲು. ಹೂವಿನ ಅಚ್ಚೊತ್ತಿ ಎಳ್ಳು ಉದುರಿಸಿದ ಮುಖ ಮಣ್ಣಿಗೆ, ಸುಟ್ಟ ಬೆನ್ನು ಆಕಾಶಕ್ಕೆ, ಅನ್ನ ಬೋರಲು ಬಿದ್ದಿರುವುದು ಪಾಪ, ನಮ್ಮಲ್ಲಿ ಯಾರು ತಾನೆ ಅದನ್ನು ದಾಟಿ ಹೋಗುತ್ತಾರೆ, ನನ್ನ ಕೈ ಹೋಯಿತು, ಎತ್ತಿತು, ಊದಿತು, ಹಣೆಗೊತ್ತಿಕೊಂಡು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟಿತು, ಇಟ್ಟ ಮೇಲೆ ನನಗೆ ಎಚ್ಚರವಾಯಿತು.

ಕೈಗವಸು ಕೂಡ ಹಾಕಿಲ್ಲ, ಎಲ್ಲ ಕೆಡಿಸಿದೆ, ಮೇಡಂ ಇನ್ನೂ ಮಳೆ ನೋಡುತ್ತಿದ್ದಾರೆ, ಮತ್ತೆ ಬೋರಲು ಹಾಕಿಬಿಡು ಜಿಪಾರ್, ಯಾರಿಗೂ ಗೊತ್ತಾಗಲ್ಲ, ಒಂದು ಗೇಣು, ಒಂದೇ ಗೇಣು — ಆಗ ಮೇಜಿನ ಮೇಲೆ ಕಂಡಿತು, ರೊಟ್ಟಿಯಿಂದ ಸ್ವಲ್ಪ ಆಚೆಗೆ, ಎಳ್ಳುಕಾಳು, ನಾನು ಇಟ್ಟ ಜಾಗದಲ್ಲಲ್ಲ, ಬೇರೆ ಜಾಗದಲ್ಲಿ, ಅಂದರೆ ನನಗಿಂತ ಮೊದಲು ಬಂದವನೂ ಎತ್ತಿದ್ದಾನೆ, ಇಲ್ಲಿಟ್ಟಿದ್ದಾನೆ, ಆಮೇಲೆ ತನ್ನ ಕೈಯಿಂದಲೇ ಅನ್ನವನ್ನು ತಿರುಗಿಸಿ ಮಣ್ಣಿಗೆ ಹಾಕಿದ್ದಾನೆ, ಅಯ್ಯೋ ಮಿರ್ಲಾನ್, ಎತ್ತಿದ ಅನ್ನವನ್ನು ನೀನು ಹೇಗೆ ತಾನೆ ಮತ್ತೆ ಬೋರಲು ಹಾಕಿದೆ, ನನ್ನಿಂದ ಆಗಲಿಲ್ಲ, ಮೇಡಂ, ನಾನು ರೊಟ್ಟಿ ಎತ್ತಿಬಿಟ್ಟೆ ಅಂದೆ. ಯಾಕೆ ಅಂದರು, ತಿರುಗದೆ. ಬೋರಲು ಬಿದ್ದಿತ್ತು ಅಂದೆ. ಹಾಗಂತಲೇ ಬರಿ ಅಂದರು, ಎಲ್ಲಿತ್ತು, ಹೇಗಿತ್ತು, ನಿನ್ನ ಯಾವ ಬೆರಳು ಎಲ್ಲಿ ತಾಗಿತು. ಬರೆದೆ, ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಬ್ರಷ್ಷಿನಿಂದ ಪುಡಿ ಹಚ್ಚಿ ನನ್ನ ಬೆರಳಚ್ಚನ್ನೇ ತೆಗೆದಿಟ್ಟೆ, ಮೇಜಿನ ಮೇಲೆ ಮೊದಲೇ ಎಳ್ಳಿತ್ತು ಅಂತಲೂ ಬರೆದೆ, ಕಂಡದ್ದಷ್ಟೇ, ಯಾರ ಹೆಸರೂ ಇಲ್ಲ. ಓದಿ ಮುಗಿಸಿ ಕನ್ನಡಕ ತೆಗೆದರು, ಪ್ರತಿ ವರ್ಷ ಇಡ್ತೀನಮ್ಮ ಈ ರೊಟ್ಟೀನ, ಎಲ್ಲರೂ ಎತ್ತುತ್ತಾರೆ, ಎತ್ತದವರನ್ನ ಕಂಡರೆ ನನಗೇ ಭಯ, ಎತ್ತಿದವರು ಮತ್ತೆ ನೆಲಕ್ಕೆ ಹಾಕೋದನ್ನ ಈ ಕಿಟಕಿ ಗಾಜಲ್ಲಿ ನೋಡ್ತಾ ನಿಂತಿರ್ತೀನಿ, ಮಳೆ ಎಲ್ಲಿ ನೋಡ್ತೀನಿ. ಮುಟ್ಟಿದೀಯ, ಪೂರ್ತಿ ಅಂಕ ಕೊಡಲ್ಲ. ಜಿಲ್ಲೆಗೆ ನಿನ್ನ ಹೆಸರೇ ಹೇಳ್ತೀನಿ. ಮೂಗು ಒರೆಸ್ಕೊ. ಹೊರಗೆ ಮಿರ್ಲಾನನಿಗೆ ಎಲ್ಲ ಹೇಳಿದೆ, ಹಾಳಾದ ಎಳ್ಳು ಕಣೇ ಅಂದ, ಮುಷ್ಟಿಯಲ್ಲಿದ್ದ ಬೀಜವನ್ನೆಲ್ಲ ನನ್ನ ಜೇಬಿಗೆ ಸುರಿದು ಹೋದ, ಅವನಿಗೂ ದೇವರು ಒಂದು ದಾರಿ ಇಟ್ಟಿರಲಿ — ಇಳೀಬೇಕಲ್ಲ ತಂಗಿ, ನಿಮ್ಮೂರು ಬಂತು ಅನ್ನುತ್ತಾನೆ ಡ್ರೈವರ್, ಹಿಮ ಪಾದ ಮುಳುಗುವಷ್ಟಾಗಿದೆ, ನಮ್ಮ ಅಂಗಳದಲ್ಲಿ ಇನ್ನೂ ಯಾರ ಹೆಜ್ಜೆಯೂ ಇಲ್ಲ, ನನ್ನದೇ ಮೊದಲು, ಮಾವ ಕೊಟ್ಟಿಗೆಯಿಂದ ಇಣುಕಿ ಏನಾಯ್ತೇ ಅಂತ ಕೂಗುತ್ತಾನೆ, ಹೊಸಿಲಲ್ಲಿ ನಿಂತ ಅಜ್ಜಿ ನನ್ನ ಮುಖ ನೋಡುತ್ತಾಳೆ, ಬಿಸ್ಮಿಲ್ಲಾ ಅಂದುಕೊಂಡು ಸ್ಟೂಲು ಹತ್ತುತ್ತಾಳೆ, ಮೊಳೆಯಿಂದ ಗಂಟು ಇಳಿಸುತ್ತಾಳೆ, ಬಿಚ್ಚಿ ನನ್ನ ಎರಡೂ ಕೈಗೆ ಇಡುತ್ತಾಳೆ, ಕಲ್ಲಿನಷ್ಟು ಗಟ್ಟಿ, ಅಚ್ಚಿನ ಹೂವು ಮೇಲಾಗಿ, ಅಂಚಿನಲ್ಲಿ ನಾನು ಕಚ್ಚಿದ ಅರ್ಧಚಂದ್ರ, ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿಯೂ ಹಾಗೇ, ಹಾಗೇ ಇದೆ, ಯಾರೂ ಕದಲಿಸಿಲ್ಲ, ಆ ಅರ್ಧಚಂದ್ರಕ್ಕೇ ಬಾಯಿ ಹಚ್ಚುತ್ತೇನೆ —