ಗಾಜಿನ ಹಿಂದಿನ ಬೆಡ್‌ಶೀಟು

ನನ್ನ ತಮ್ಮ ಕಲಾವಿದ. ಹಾಗಂತ ಅವನೇ ಹೇಳಿಕೊಳ್ಳುತ್ತಾನೆ, ಯಾರೂ ಕೇಳದಿದ್ದರೂ. ಚಿತ್ರ ಬರೆಯಲು ಅವನಿಗೆ ಎರಡು ದಿನ ಸಾಕು. ಅದಕ್ಕೆ ಸ್ಫೂರ್ತಿ ಎಲ್ಲಿಂದ ಬಂತು ಎಂದು ವಿವರಿಸಲು ಎರಡು ತಿಂಗಳು ಬೇಕು. ಒಮ್ಮೆ ನೀಲಿ ಬಳಿದ ಹಲಗೆಯೊಂದರ ಮುಂದೆ ನಿಂತು, ಇದು ನನ್ನ ಬಾಲ್ಯದ ಹಸಿವು ಎಂದಿದ್ದ. ಬಾಲ್ಯದಲ್ಲಿ ನನ್ನ ಪಾಲನ್ನೂ ಸೇರಿಸಿ ತಿಂದವನು ಅವನು. ಆಗ ನಕ್ಕುಬಿಟ್ಟಿದ್ದೆ.

ಈ ಸಲ ನಗು ಬರಲಿಲ್ಲ. ಅವನ ಪ್ರದರ್ಶನದ ಬಾಗಿಲಲ್ಲಿ ಒಂದು ಕಾಗದ ಕೈಗೆ ಕೊಟ್ಟರು. ‘ಅಮ್ಮನ ಕೊನೆಯ ಹಾಸಿಗೆ’ ಎಂದು ಮೇಲೆ ದಪ್ಪಕ್ಷರ. ಕೆಳಗೆ, ಕಲಾವಿದರು ತಮ್ಮ ತಾಯಿ ಕೊನೆಯ ದಿನಗಳಲ್ಲಿ ಮಲಗಿದ್ದ ಬೆಡ್‌ಶೀಟನ್ನು ಇದ್ದ ಹಾಗೆಯೇ ಚೌಕಟ್ಟಿಗೆ ಹಾಕಿದ್ದಾರೆ ಎಂದಿತ್ತು.

ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ಅವಳನ್ನು ನೋಡಿಕೊಂಡವಳು ನಾನು. ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ, ಹಿಂದಿನ ಕೋಣೆಯಲ್ಲಿ ಅವಳ ಮಂಚ. ಗಿರಾಕಿಯ ಅಳತೆ ತೆಗೆಯುವಾಗ ಒಳಗಿನಿಂದ ಕೂಗಿದರೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡುತ್ತಿದ್ದೆ. ಬೆಡ್‌ಶೀಟು ಬದಲಿಸುವಾಗೆಲ್ಲ ಅಮ್ಮ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಜೀವಮಾನವಿಡೀ ತನ್ನ ಒಳಬಟ್ಟೆಯನ್ನು ಬೇರೆ ಬಟ್ಟೆಯ ಕೆಳಗೆ ಮುಚ್ಚಿ ಒಣಗಿಸಿದವಳು. ಕೊನೆಯ ಬೆಡ್‌ಶೀಟಿನ ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

“ನಾನು ಹೋದ್ಮೇಲೆ ಇದನ್ನ ಸುಟ್ಟುಬಿಡೇ. ಯಾರ ಕಣ್ಣಿಗೂ ಬೀಳ್ಬಾರ್ದು,” ಎಂದಿದ್ದಳು. ಹೂಂ ಎಂದಿದ್ದೆ. ಆಮೇಲೆ ಸುಡಲು ಮನಸ್ಸಾಗದೆ ಟ್ರಂಕಿನ ತಳದಲ್ಲಿ ಮಡಿಸಿ ಇಟ್ಟಿದ್ದೆ.

ಆ ಎರಡು ವರ್ಷದಲ್ಲಿ ತಮ್ಮ ಬಂದದ್ದು ಮೂರು ಸಲ. ಮೂರು ಸಲವೂ ಹೊಸ್ತಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, “ಹೇಗಿದೀಯಮ್ಮಾ?” ಎಂದು ಕೇಳಿ ಹೋದ. ಅವಳು ತೀರಿಕೊಂಡ ವಾರಕ್ಕೆ ಇನ್ನೊಮ್ಮೆ ಬಂದ. ನಾನು ಗಿರಾಕಿಯೊಬ್ಬರಿಗೆ ಕೋಟು ತೊಡಿಸಿ ನೋಡುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ ಇದ್ದು, ಚೀಲ ಹೆಗಲಿಗೇರಿಸಿ, “ಅಮ್ಮನ ನೆನಪಿಗೆ ಒಂದು ತಗೊಂಡೆ ಅಕ್ಕ,” ಎಂದು ಹೊರಟುಹೋದ. ಯಾವುದೋ ಫೋಟೋ ಇರಬೇಕು ಅಂದುಕೊಂಡಿದ್ದೆ. ಹಾಗಾದರೆ ಟ್ರಂಕಿಗೇ ಕೈ ಹಾಕಿದ್ದಾನೆ. ಅವಳು ತೀರಿಕೊಂಡಾಗಲೇ ಸುಡದೆ ಹೋದೆನಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ಒಳಗೆ ಅವನು ಮೈಕು ಹಿಡಿದಿದ್ದ.

“ಹಗಲೂ ರಾತ್ರಿ ಅಮ್ಮನ ಪಕ್ಕದಲ್ಲೇ ಕೂತಿರ್ತಿದ್ದೆ. ಅವಳ ಬೆವರು, ಔಷಧಿ, ನೋವು, ಎಲ್ಲಾ ಈ ಬಟ್ಟೆಗೆ ಇಳಿಯೋದನ್ನ ಕಣ್ಣಾರೆ ನೋಡ್ದೆ. ನಾನಿಲ್ಲಿ ಏನೂ ಬರೆದಿಲ್ಲ. ಬರೆದಿದ್ದು ಅಮ್ಮ. ಮೂಲೇಲಿ ಮೂವತ್ತೆರಡು ಅಂತಿದೆ ನೋಡಿ, ನಡುಗೋ ಕೈಲಿ ಬರೆದಿದ್ದು. ನನ್ನ ಹೆತ್ತಾಗ ಅವಳ ವಯಸ್ಸದು.”

ಜನ ತಲೆದೂಗಿದರು. ಒಬ್ಬಳು ಕಣ್ಣೊರೆಸಿಕೊಂಡಳು. ಒಬ್ಬ ಮನುಷ್ಯ ಕನ್ನಡಕ ಹಣೆಗೇರಿಸಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕಲೆಗಳನ್ನು ಪರೀಕ್ಷಿಸುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಅಮ್ಮ ನನ್ನೆದುರು ಕೂಡ ನಾಚಿಕೊಂಡದ್ದನ್ನು ಇವನು ದೀಪದ ಬೆಳಕು ಬಿಟ್ಟು ಊರಿಗೆಲ್ಲ ತೋರಿಸುತ್ತಿದ್ದಾನೆ. ಕಿತ್ತು ತರುತ್ತೇನೆ, ಆದದ್ದಾಗಲಿ ಎಂದು ಜನರನ್ನು ತಳ್ಳಿಕೊಂಡು ಮುಂದೆ ಹೋದೆ.

ಗಾಜಿನ ಮುಂದೆ ಹೋದವಳು ಹಾಗೇ ನಿಂತುಬಿಟ್ಟೆ.

ನಡುವಿನ ಕಂದು ಗುರುತು ನನ್ನ ಇಸ್ತ್ರಿಪೆಟ್ಟಿಗೆಯದು. ಗಿರಾಕಿಯ ಜೊತೆ ಹರಟುತ್ತ ಮರೆತು ಇಟ್ಟಾಗ ಸುಟ್ಟದ್ದು. ಬಲಗಡೆಯ ಹಳದಿ ಉಂಗುರ ನನ್ನ ಟೀ ಲೋಟದ್ದು. ಮೂಲೆಯ ಮೂವತ್ತೆರಡು ಯಾರದೋ ಪ್ಯಾಂಟಿನ ಸೊಂಟ. ಚೀಟಿ ಸಿಗದೆ ಅಲ್ಲೇ ಗೀಚಿದ್ದೆ. ಇವನನ್ನು ಹೆತ್ತಾಗ ಅಮ್ಮನಿಗೆ ಇಪ್ಪತ್ತೇಳು. ನಾನು ನಾಲ್ಕು ತಿಂಗಳಿಂದ ಮನೆಯೆಲ್ಲ ಜಾಲಾಡಿ ಹುಡುಕುತ್ತಿದ್ದ ಇಸ್ತ್ರಿ ಮೇಜಿನ ಬಟ್ಟೆ ಅದು. ಅವನು ಬಂದ ದಿನ ಅದನ್ನು ಒಗೆದು, ಅಮ್ಮನ ಖಾಲಿ ಮಂಚದ ಮೇಲೆ ಒಣಗಲು ಹರಡಿದ್ದೆ. ಮಂಚದ ಮೇಲಿದ್ದದ್ದು ಬೆಡ್‌ಶೀಟೇ ಎಂದು ಮಹಾಶಯ ಎತ್ತಿಕೊಂಡು ಬಂದಿದ್ದಾನೆ.

ಅಷ್ಟರಲ್ಲಿ ಆಯೋಜಕಿ ನನ್ನ ಕೈಗೆ ಮೈಕು ತುರುಕಿದಳು. “ಇವ್ರು ಕಲಾವಿದರ ಅಕ್ಕ. ಎರಡು ಮಾತು ಹೇಳಿ ಮೇಡಂ.”

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಡಿದ್ದರೆ ಅವನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಆದರೆ ಅಮ್ಮನ ನಿಜವಾದ ಬೆಡ್‌ಶೀಟು ಎಲ್ಲಿದೆ ಎಂದು ಮೊದಲು ಕೇಳುವವನೂ ಅವನೇ. ಅದನ್ನೂ ತಂದು ಇಲ್ಲೇ ನೇತುಹಾಕುತ್ತಿದ್ದ.

“ಇದರ ಒಂದೊಂದು ಗುರುತೂ ನನಗೆ ಗೊತ್ತು,” ಎಂದಷ್ಟೇ ಹೇಳಿದೆ. ಚಪ್ಪಾಳೆ ಬಿತ್ತು. ಮೈಕನ್ನು ಆಯೋಜಕಿಯ ಕೈಗೆ ಕೊಟ್ಟು ಹೊರಗೆ ಬಂದೆ.

ಮರುದಿನ ಬೆಳಗ್ಗೆಯೇ ತಮ್ಮ ಅಂಗಡಿಗೆ ಬಂದ. ನೇರವಾಗಿ ಹಿಂದಿನ ಕೋಣೆಗೆ ಹೋದ.

“ಅಕ್ಕ, ಇಂಥದ್ದು ಇನ್ನೊಂದಿದ್ಯಾ? ಬೇರೆ ಊರಲ್ಲೂ ಇಡಿ ಅಂತಿದಾರೆ. ಈ ಟ್ರಂಕಲ್ಲಿ ಏನಿದೆ?”

“ಅದ್ರಲ್ಲಿ ನನ್ನ ಬಟ್ಟೆ ಇದೆ. ಇರು, ತರ್ತೀನಿ.”

ಮುಂದಿನ ಕೋಣೆಗೆ ಬಂದು, ಹೊಲಿಗೆ ಯಂತ್ರದ ಎಣ್ಣೆ ನೆಲಕ್ಕೆ ಬೀಳದಿರಲೆಂದು ಹಾಸಿದ್ದ ಬಟ್ಟೆಯನ್ನು ಎಳೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ತಂದುಕೊಟ್ಟೆ.

“ಇದು ಅಮ್ಮಂದೇನಾ?”

“ನೀನು ಪಕ್ಕದಲ್ಲೇ ಕೂತಿದ್ಯಲ್ಲ. ನೀನೇ ಹೇಳಪ್ಪ.”

ಅವನು ಬಟ್ಟೆಯಲ್ಲಿ ಮುಖ ಹುದುಗಿಸಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡ. “ಅಮ್ಮನ ವಾಸನೆ,” ಎಂದ. ಕಣ್ಣಲ್ಲಿ ನೀರಿತ್ತು, ಮೂಗಿನ ತುದಿಯಲ್ಲಿ ಎಣ್ಣೆಯ ಮಸಿ. ಆ ಅಳು ನಾಟಕವಾಗಿದ್ದರೆ ಬೈದು ಕಳಿಸುತ್ತಿದ್ದೆ. ನಿಜವಾಗಿಯೇ ಅಳುತ್ತಿದ್ದ. ತಾನು ಬಿಟ್ಟ ಬುರುಡೆಯನ್ನು ತಾನೇ ನಂಬಿ ಅಳುವವನ ಹತ್ತಿರ ಏನು ಮಾತಾಡುವುದು? ಹೇಸಿಗೆಯಾಗಿ ಬಾಗಿಲು ತೋರಿಸಿದೆ.

ಅವನು ಹೋದ ಮೇಲೆ ಚಿಲಕ ಹಾಕಿ ಟ್ರಂಕು ತೆಗೆದೆ. ಬೆಡ್‌ಶೀಟನ್ನು ಹಿತ್ತಲಿಗೆ ಒಯ್ದೆ. ತಡೆಯಲಾರದೆ ಒಮ್ಮೆ ಮುಖದ ಹತ್ತಿರ ತಂದೆ. ನುಸಿಗುಳಿಗೆಯ ವಾಸನೆ ಬಿಟ್ಟರೆ ನನಗೂ ಏನೂ ಸಿಗಲಿಲ್ಲ.

ಕಡ್ಡಿ ಗೀರಿದೆ. ಬಟ್ಟೆ ಹೊತ್ತಿಕೊಂಡಾಗ ನಾನೂ ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ.